ಓದುಗರ ಸ್ಪಂದನ: ಪ್ರವಾದನೆಯನ್ನು ಪರೀಕ್ಷಿಸುವುದು ಪಾಪವೇ?

ಕಳೆದ ಸಂಚಿಕೆಯ ಸಮಸ್ಯೆ: ಪತಿಯ ಕೆಲಸ ಹೋಗಿದೆ, ಮಗನಿಗೆ ಫಿಟ್ಸ್ ಇದೆ. ವಾಟ್ಸ್‌ಆ್ಯಪ್ ಪ್ರಾರ್ಥನಾ ಗುಂಪಿನಲ್ಲಿ ದೇವರ ಮಾತೆಂದು ನುಡಿಯುವ ‘ಪ್ರವಾದಿ’ಯೊಬ್ಬರು, ಮನೆಯ ಮೇಲೆ ಪಿತೃಗಳ ಶಾಪವಿದೆ, ಮನೆಮಂದಿಯೆಲ್ಲ 21 ದಿನ ಉಪವಾಸ ಮಾಡಿ, 25,000 ರೂಪಾಯಿ ‘ಬೀಜ ಕಾಣಿಕೆ’ (ಬಿತ್ತಿದರೆ ಆಶೀರ್ವಾದವಾಗಿ ಮರಳುತ್ತದೆಂದು ಕೇಳುವ ಹಣ) ಕಳಿಸಿ, ಮಾತ್ರೆ ನಿಲ್ಲಿಸಿ, ಸಭಾಪಾಲಕರಿಗೆ (ಪಾಸ್ಟರ್‌ಗೆ) ಹೇಳಬೇಡಿ ಎಂದಿದ್ದಾರೆ. 5,000 ಕಳಿಸಿಯಾಗಿದೆ. ರಾತ್ರಿ ಪ್ರಾರ್ಥನೆಗೆ ಕೂತರೆ ಭಯ. ಸಂಶಯಪಟ್ಟರೆ ಪಾಪವೇ? – ಓದುಗರು, ಹಾಸನ

ಅಕ್ಕಾ, ಉಳಿದದ್ದೆಲ್ಲ ಆಮೇಲೆ, ಮೊದಲು ಮಗನ ಮಾತ್ರೆ. ಫಿಟ್ಸ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಈಗಾಗಲೇ ನಿಲ್ಲಿಸಿದ್ದರೆ ಇವತ್ತೇ ವೈದ್ಯರಿಗೆ ಫೋನ್ ಮಾಡಿ; ತಪ್ಪಿದ್ದಕ್ಕೆಂದು ನೀವಾಗಿಯೇ ಎರಡೆರಡು ಕೊಡಬೇಡಿ. ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಚಮಚ, ನೀರು, ಅಭಿಷೇಕದ ಎಣ್ಣೆ ಏನನ್ನೂ ಹಾಕಬೇಡಿ. ಗಡಿಯಾರ ನೋಡುತ್ತಿರಿ; 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಮಗನನ್ನು ಉಪವಾಸಕ್ಕಾಗಲಿ ರಾತ್ರಿಯಿಡೀ ನಡೆಯುವ ಪ್ರಾರ್ಥನೆಗಾಗಲಿ ಕೂರಿಸಬೇಡಿ. ನಿದ್ದೆಗೆಡುವುದು, ಊಟ ತಪ್ಪಿಸುವುದು ಹಲವರಲ್ಲಿ ಫಿಟ್ಸನ್ನು ಕೆರಳಿಸುತ್ತದೆ. ಆಗ ಅದನ್ನೇ ತೋರಿಸಿ ‘ದೆವ್ವ ಎದುರು ನಿಂತಿದೆ’ ಎನ್ನುತ್ತಾರೆ. ಮತ್ತಾಯ 17ನೇ ಅಧ್ಯಾಯದಲ್ಲಿ ಯೇಸು ದೆವ್ವ ಬಿಡಿಸಿ ಮೂರ್ಛೆರೋಗ ವಾಸಿಮಾಡಿದ ಹುಡುಗನ ಪ್ರಸಂಗವನ್ನು ಮುಂದಿಟ್ಟರೆ, ಅದೇ ಮತ್ತಾಯ 4:24 ತೆರೆದು ತೋರಿಸಿ: ಅಲ್ಲಿ ದೆವ್ವ ಹಿಡಿದವರನ್ನು ಬೇರೆ, ಮೂರ್ಛೆರೋಗದವರನ್ನು ಬೇರೆ ಹೇಳಿದೆ.
– ನರ್ಸ್, ಹುಬ್ಬಳ್ಳಿ

ಸಹೋದರಿಯವರೇ, ಪರೀಕ್ಷಿಸಬೇಕೆಂಬುದೇ ಆಜ್ಞೆ. 1 ಥೆಸಲೋನಿಕ 5:20-21ರಲ್ಲಿ ಪೌಲನು ಪ್ರವಾದನೆಗಳನ್ನು ಹೀನೈಸಬೇಡಿ ಎಂದವನು ಕೂಡಲೇ ಎಲ್ಲವನ್ನೂ ಪರಿಶೋಧಿಸಿ ಎನ್ನುತ್ತಾನೆ. 1 ಕೊರಿಂಥ 14:29 ಕ್ರಮವನ್ನೂ ಕೊಡುತ್ತದೆ: ಇಬ್ಬರು ಮೂವರು ನುಡಿಯಲಿ, ಉಳಿದವರು ವಿವೇಚಿಸಲಿ. ಪ್ರವಾದನೆಗೆ ಸಭೆಯೇ ಒರೆಗಲ್ಲು. ಸಭಾಪಾಲಕರಿಗೆ ಹೇಳಬೇಡಿ ಎಂದಾಗಲೇ ಆ ಮಾತು ಒರೆಗೆ ಸಿಗದೆ ಜಾರಿಕೊಂಡಿದೆ. ನನ್ನ ಮಟ್ಟಿಗೆ ಅದನ್ನು ತಳ್ಳಿಹಾಕಲು ಇದೊಂದೇ ಸಾಕು.

ಆದರೂ ಕ್ರಮವಾಗಿ ನೋಡಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ತಾರೀಕು ಹಾಕಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅದರಲ್ಲಿ ಎಷ್ಟನ್ನು ನೀವೇ ಮೊದಲು ಪ್ರಾರ್ಥನಾ ವಿನಂತಿಯಾಗಿ ಗುಂಪಿಗೆ ಹಾಕಿದ್ದಿರಿ ಎಂದು ಗುರುತು ಮಾಡಿ. ಕೆಲಸ ಹೋದದ್ದು, ಮಗನ ಕಾಯಿಲೆ – ಇಂಥವು ಬಹಳ ಸಲ ಅಲ್ಲಿಂದಲೇ ತಿಳಿದಿರುತ್ತವೆ. ಆಮೇಲೆ ಧರ್ಮೋಪದೇಶಕಾಂಡ 18:22: ನುಡಿದದ್ದು ನಡೆಯಿತೇ? ‘ನಿಮ್ಮ ನಂಬಿಕೆ ಸಾಲಲಿಲ್ಲ’ ಎಂಬ ಉತ್ತರ ಬಂದರೆ, ಯಾವತ್ತೂ ಸುಳ್ಳಾಗದ ಹಾಗೆ ಹೆಣೆದ ಮಾತೆಂದು ತಿಳಿಯಿರಿ. ನಡೆದುಬಿಟ್ಟರೂ ಪರೀಕ್ಷೆ ಮುಗಿಯಲಿಲ್ಲ, ಅದೇ ಕಾಂಡದ 13:1-3 ಓದಿ. ಸೂಚಕಕಾರ್ಯ ನಿಜವಾದರೂ ದೇವರಿಂದ ಆಚೆ ಎಳೆಯುವವನಿಗೆ ಕಿವಿಗೊಡಬಾರದು ಎಂದಿದೆ.

ಪಿತೃಶಾಪಕ್ಕೆ ಆಧಾರವಾಗಿ, ತಂದೆಗಳ ದೋಷಫಲ ಮಕ್ಕಳ ಮೇಲೆ ಬರುತ್ತದೆನ್ನುವ ವಿಮೋಚನಕಾಂಡ 20:5 ಓದುತ್ತಾರೆ. ಅದು ದೇವರನ್ನು ದ್ವೇಷಿಸುವವರ ಕುರಿತದ್ದು. ಮುಂದಿನ ವಚನದಲ್ಲೇ ದಯೆ ಸಾವಿರ ತಲೆಗಳವರೆಗೆ ಇದೆ. ಜೊತೆಗೆ ಯೆಹೆಜ್ಕೇಲ 18:20 (ತಂದೆಯ ದೋಷವನ್ನು ಮಗನು ಹೊರನು), ಯೋಹಾನ 9:3 (ಕುರುಡನಾಗಿ ಹುಟ್ಟಿದ್ದು ಅವನ ಪಾಪದಿಂದಲೂ ಅಲ್ಲ, ತಂದೆತಾಯಿಗಳ ಪಾಪದಿಂದಲೂ ಅಲ್ಲ), ಗಲಾತ್ಯ 3:13 (ಕ್ರಿಸ್ತನು ನಮ್ಮನ್ನು ಶಾಪದಿಂದ ಬಿಡಿಸಿದನು) ಓದಿ. ಅರ್ಧ ವಚನ ಹಿಡಿಯುವುದು ಸೈತಾನನ ಹಳೆಯ ಪಟ್ಟು. ಯೇಸುವನ್ನು ಶೋಧಿಸುತ್ತ ದೇವಾಲಯದ ತುದಿಯಲ್ಲಿ ಅವನು 91ನೇ ಕೀರ್ತನೆ ಹೇಳಿದಾಗ ‘ನಿನ್ನ ಎಲ್ಲಾ ಮಾರ್ಗಗಳಲ್ಲಿ’ ಎಂಬುದನ್ನು ಬಿಟ್ಟೇಬಿಟ್ಟ. ಯೇಸುಸ್ವಾಮಿ ಅವನೊಡನೆ ವಾದಕ್ಕಿಳಿಯದೆ ಮೂರು ಸಲವೂ ಧರ್ಮೋಪದೇಶಕಾಂಡದ ಒಂದೊಂದು ವಚನದಿಂದ (8:3, 6:16, 6:13) ಉತ್ತರಿಸಿದರು.
– ನಿವೃತ್ತ ಸಭಾಪಾಲಕರು, ಉಡುಪಿ

ರಾತ್ರಿಯ ಭಯದ ಬಗ್ಗೆ ಮಾತ್ರ ಬರೆಯುತ್ತೇನೆ. 16ನೇ ಶತಮಾನದ ಸಂತ ಇಗ್ನಾಸಿಯವರು ಮನಸ್ಸಿನ ಪ್ರೇರಣೆ ಒಳ್ಳೆಯದೋ ಕೆಟ್ಟದೋ ಎಂದು ತಿಳಿಯಲು ಕೊಟ್ಟ ವಿವೇಚನೆಯ ನಿಯಮಗಳಲ್ಲಿ ಎರಡು ನಿಮಗೆ ನೇರವಾಗಿ ಸಲ್ಲುತ್ತವೆ. ಮನಸ್ಸು ಕತ್ತಲಲ್ಲಿರುವಾಗ ಹೊಸ ನಿರ್ಧಾರ ಬೇಡ, ಶಾಂತಿಯಿದ್ದಾಗ ಮಾಡಿದ್ದಕ್ಕೇ ಅಂಟಿಕೊಳ್ಳಿ. ಆದ್ದರಿಂದ ಹರಕೆ, ಉಪವಾಸದ ಪಣ, ಹಣ ಯಾವುದನ್ನೂ ಈಗ ನಿಶ್ಚಯಿಸಬೇಡಿ. ಇನ್ನೊಂದು, ವೈರಿಯಾದ ಸೈತಾನನು ಗುಟ್ಟನ್ನು ಬಯಸುತ್ತಾನೆ. ವಿವೇಕವುಳ್ಳ ಗುರುವಿಗೆ ಬಿಚ್ಚಿ ಹೇಳಿದಾಗ ಅವನ ತಂತ್ರ ಕೆಡುತ್ತದೆ. ಮೊದಲು ಪತಿಗೆ, ನಂತರ ಅವರನ್ನೇ ಕರೆದುಕೊಂಡು ಹೋಗಿ ನಿಮ್ಮ ಸಭಾಪಾಲಕರಿಗೆ ಹೇಳಿ.

ಯಾಕೋಬ 4:7ರ ಅನುಕ್ರಮ ಗಮನಿಸಿ: ಮೊದಲು ದೇವರಿಗೆ ಒಳಗಾಗುವುದು, ಆಮೇಲೆ ಸೈತಾನನನ್ನು ಎದುರಿಸುವುದು. ಭಯಗೊಂಡವರು ಮೊದಲನೆಯದನ್ನು ಬಿಟ್ಟು ಗಂಟೆಗಟ್ಟಲೆ ಸೈತಾನನನ್ನೇ ಗದರಿಸುತ್ತ ಕೂರುತ್ತಾರೆ. ಗಮನವೆಲ್ಲ ಅವನ ಮೇಲೆ ನಿಂತು ಭಯ ಹೆಚ್ಚುತ್ತದೆ. ಹತ್ತು ನಿಮಿಷ ಸಾಕು. 4ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ, ಕಾಡುವ ಯೋಚನೆಯನ್ನು ಒಂದೇ ವಾಕ್ಯದಲ್ಲಿ ದೇವರ ಮುಂದಿಡಿ, ಅದಕ್ಕೆ ಒಂದು ವಚನ ಹೇಳಿ, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳಿ ಮಲಗಿ. ಫೋನ್ ಬೇರೆ ಕೋಣೆಯಲ್ಲಿರಲಿ. ಎರಡು ವಾರವಾದರೂ ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.
– ಧರ್ಮೋಪದೇಶಕಿ, ಮಂಗಳೂರು

ಗುಂಪು ಬಿಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ: ಸಂದೇಶಗಳು, ಫೋನ್ ನಂಬರ್, ಯುಪಿಐ ಐಡಿ, 5,000ದ ವ್ಯವಹಾರದ ಸಂಖ್ಯೆ. ಧ್ವನಿ ಸಂದೇಶಗಳನ್ನೂ ಉಳಿಸಿ. ನಂತರ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಬರೆದು ಕೊಡಿ. ತಡವಾದಷ್ಟೂ ಹಣ ಮುಂದಿನ ಖಾತೆಗಳಿಗೆ ಹರಿದುಹೋಗುತ್ತದೆ, ಹಿಡಿಯುವುದು ಕಷ್ಟ. ‘ತಿಂಗಳ ಕಾಣಿಕೆ’ಗೆ ಒಪ್ಪಿದ್ದರೆ ಯುಪಿಐ ಆ್ಯಪಿನಲ್ಲಿ ಆಟೋಪೇ ತೆರೆದು ರದ್ದು ಮಾಡಿ, ನಂಬರ್ ಬ್ಲಾಕ್ ಮಾಡಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಹಣ ವಾಪಸ್ ಕೊಡುತ್ತೇವೆಂದು ಯಾರಾದರೂ ಕರೆ ಮಾಡಿ ಲಿಂಕ್ ಕಳಿಸಿದರೆ ಒತ್ತಬೇಡಿ. ಲೆಕ್ಕ ಕೇಳಿದರೆ ದೇವರ ಮೇಲೆ ಅಪನಂಬಿಕೆ ಎಂದು ಹೆದರಿಸಿದರೆ 2 ಕೊರಿಂಥ 8:20-21 ಓದಿ: ಯಾರೂ ತಪ್ಪು ಹೊರಿಸಬಾರದೆಂದು ಪೌಲನೇ ಕಾಣಿಕೆಯ ಹಣವನ್ನು ಬೇರೆಯವರ ಜೊತೆಯಲ್ಲಿ ಸಾಗಿಸುವ ಏರ್ಪಾಡು ಮಾಡಿದ್ದ.
– ಬ್ಯಾಂಕ್ ಉದ್ಯೋಗಿ, ಬೆಂಗಳೂರು