ವೋಲ್ಟೇಜ್ ಬದಲಾಯಿಸೋ ವೇಪ್ (ಇ-ಸಿಗರೇಟ್) ತಗೊಳ್ಳೋದಾ?

ಲೆಸ್ಟರ್‌ಮಂಡ್ಯ: ಬ್ರಿಟನ್ನಲ್ಲಿ 2025ರ ಜೂನ್ 1ರಿಂದ ಬಳಸಿ ಬಿಸಾಡೋ ವೇಪ್ ಮಾರೋ ಹಾಗಿಲ್ವಲ್ಲ, ಅದಕ್ಕೇ ಪೆನ್ ಥರದ್ದು ತಗೊಂಡೆ. 3.7 ವೋಲ್ಟ್, ಅಷ್ಟೇ. ಸಿಗರೇಟ್ ಬಿಟ್ಟವನ ಗಂಟಲಿಗೆ ಇದು ಏನೇನೂ ಸಾಲದು. 3.3ರಿಂದ 4.8ರವರೆಗೆ ತಿರುಗಿಸೋದು ನೋಡಿದೀನಿ. ಒಳಗಿನ ದ್ರವ ಕಾಯಿಸೋ ತಂತಿ, ಅಂದ್ರೆ ಕಾಯಿಲ್, 1.8 ಓಮ್. ದುಡ್ಡು ದಂಡ ಆಗಲ್ಲ ತಾನೇ?

ವೈರ್‌ಮನ್: ವ್ಯತ್ಯಾಸ ಇದೆ ಗುರೂ. ವೋಲ್ಟೇಜಿನ ವರ್ಗವನ್ನ ಓಮ್‌ನಿಂದ ಭಾಗಿಸು: ಈಗ ಸುಮಾರು 7.6 ವಾಟ್, 4.8ಕ್ಕೆ 12.8. ಆದ್ರೆ ಕಾಯಿಲ್ ಅಷ್ಟು ತಡ್ಕೊಳ್ಳುತ್ತಾ? ಅದರ ಮೇಲೇ ಸಾಮಾನ್ಯವಾಗಿ ವಾಟ್ ಬರೆದಿರ್ತಾರೆ. ಕೆಳಗಿಂದ ಶುರು ಮಾಡಿ ಒಂದೊಂದೇ ಪಾಯಿಂಟ್ ಏರಿಸು. ಸುಟ್ಟ ರುಚಿ ಬಂತೋ, ಒಳಗಿನ ಹತ್ತಿ ಒಣಗಿದೆ ಅಂತಲೇ. ಹೊಸ ಕಾಯಿಲ್ ಹಾಕಿದ ತಕ್ಷಣ ಎಳೀಬೇಡ, ಹತ್ತಿ ದ್ರವದಲ್ಲಿ ಹತ್ತು ನಿಮಿಷ ನೆನೀಲಿ.

ಶಾಂತಕ್ಕ: ಮೊದಲು ನಿಕೋಟಿನ್ ಎಷ್ಟಿದೆ ನೋಡಪ್ಪ. ಅಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂವರೆಗೂ ಸಿಗುತ್ತೆ. ನೀನು 3ರದ್ದು ಸೇದ್ತಾ ವೋಲ್ಟೇಜನ್ನ ಬೈದ್ರೆ ಹೇಗೆ? ಇನ್ನೊಂದು, ಊರಿಗೆ ಬರುವಾಗ ಬ್ಯಾಗಲ್ಲಿ ಇಟ್ಕೊಂಡು ಬರಬೇಡ. 2019ರಿಂದ ಭಾರತಕ್ಕೆ ತರೋದೇ ನಿಷೇಧ.

ಲೆಸ್ಟರ್‌ಮಂಡ್ಯ: ಅಕ್ಕ, ಬಾಟಲಿ ನೋಡಿದೆ, 6 ಇದೆ. ಮೊದಲು 12ರದ್ದು ತರ್ತೀನಿ, ವೋಲ್ಟೇಜ್ ತಿರುಗಿಸೋ ವೇಪ್ ಆಮೇಲೆ.