ಸಹಾಯ ಬೇಕು: ಅಪ್ಪನ ಪಾದಕ್ಕೆ ಬಿಸಿಯೇ ಗೊತ್ತಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ಅಪ್ಪನಿಗೆ 61 ವರ್ಷ, ಸಕ್ಕರೆ ಕಾಯಿಲೆ ಬಂದು 14 ವರ್ಷ ಆಯ್ತು.

ಹೋದ ವಾರ ಆಲೆಮನೆಯ ಒಲೆ ಪಕ್ಕ ಬರಿಗಾಲಲ್ಲಿ ಕೆಂಡ ತುಳಿದಿದ್ದಾರೆ. ಅವರಿಗೆ ಗೊತ್ತೇ ಆಗಿಲ್ಲ! ಸಂಜೆ ಕಾಲು ತೊಳೆಯುವಾಗ ಅಮ್ಮ ನೋಡಿದರೆ, ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಒಡೆದು ಬೂದಿ ಮೆತ್ತಿಕೊಂಡಿತ್ತು. "ಏನೂ ಆಗಿಲ್ಲ ಬುಡಮ್ಮಿ, ನೋವೇ ಇಲ್ವಲ್ಲ" ಅಂದರು ಅಪ್ಪ. ನನಗೆ ಹೆದರಿಕೆ ಆಗಿದ್ದೇ ಆ ಮಾತಿಗೆ.

ಬಿಸಿ ತಾಗಿದರೆ ಚರ್ಮದಲ್ಲಿರುವ ನರದ ತುದಿಗಳು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ನೋವು ಮಿದುಳಿಗೆ ಗೊತ್ತಾಗುವ ಮೊದಲೇ ಕಾಲು ಹಿಂದಕ್ಕೆ ಬಂದಿರುತ್ತದೆ, ಅಲ್ವಾ? ಸಕ್ಕರೆ ಜಾಸ್ತಿಯಾಗಿ ನರ ಹಾಳಾದರೆ ಆ ಸುದ್ದಿಯೇ ಸರಿಯಾಗಿ ಹೋಗುವುದಿಲ್ಲ. ಉದ್ದದ ನರಗಳಿಗೇ ಮೊದಲ ಪೆಟ್ಟು, ಅದಕ್ಕೇ ಪಾದದಿಂದ ಶುರುವಾಗುತ್ತದೆ.

ಪಾದಕ್ಕೆ ಸ್ಪರ್ಶ ಗೊತ್ತಾಗುತ್ತದಾ ಅಂತ ನೋಡಲು ಡಾಕ್ಟರು 10 ಗ್ರಾಂ ಒತ್ತಡದ ನೈಲಾನ್ ಎಳೆ ಹಿಡಿದು, "ಕಣ್ಣು ಮುಚ್ಚಿ, ತಾಗಿದಾಗ ಹೇಳಿ" ಅಂದರು. ಎಳೆ ಬಾಗುವವರೆಗೂ ಒತ್ತಿದರು. ಅಪ್ಪ ಸುಮ್ನೆ ಕೂತೇ ಇದ್ದರು.

ಗಾಯಕ್ಕೆ ಡ್ರೆಸಿಂಗ್ ನಡೆಯುತ್ತಿದೆ. ನನಗೆ ಬೇಕಿರುವುದು ಮೆತ್ತನೆಯ ಎಂಸಿಆರ್ (ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಇರುವ) ರಬ್ಬರ್ ಅಟ್ಟೆಯ ಚಪ್ಪಲಿ. ಕಾಲಿನ ಅಳತೆ ತೆಗೆದು ಮಾಡಿಕೊಡುವವರು ಮಂಡ್ಯದಲ್ಲೋ ಮೈಸೂರಲ್ಲೋ ಯಾರಿದ್ದಾರೆ? ಬೆಲೆ ಎಷ್ಟಾಗಬಹುದು? ಇನ್ನೊಂದು, ಅಪ್ಪ ಗದ್ದೆ ಬಿಡುವವರಲ್ಲ. ಕೆಸರಿಗೆ ಇಳಿಯುವಾಗ ನಿಮ್ಮ ಮನೆ ಹಿರಿಯರಿಗೆ ಕಾಲಿಗೆ ಏನು ಹಾಕಿಸುತ್ತೀರಿ? ಹಚ್ಚುವ ಎಣ್ಣೆ, ಸೊಪ್ಪಿನ ಮದ್ದು ದಯವಿಟ್ಟು ಬೇಡ. ಗಾಯ ಕೀವು ತುಂಬಿದರೂ ಅವರಿಗೆ ಗೊತ್ತಾಗುವುದಿಲ್ಲ.