ಟಿಜಿಎಫ್-ಬೀಟಾ 1 ಪುಡಿಯನ್ನು ಯಾವುದರಲ್ಲಿ ಕರಗಿಸಬೇಕು?

ಧಾರವಾಡದ_ಹುಡುಗಿ:
ನಮಸ್ಕಾರ. ಪಿಎಚ್‌ಡಿ ಮೊದಲ ವರ್ಷ. ಎ549 ಶ್ವಾಸಕೋಶದ ಕೋಶಗಳಿಗೆ ಟಿಜಿಎಫ್-ಬೀಟಾ 1 (ಕೋಶಗಳಿಗೆ ಸಂಕೇತ ಕೊಡುವ ಪ್ರೋಟೀನ್) ಕೊಟ್ಟು ಇಎಂಟಿ, ಅಂದ್ರೆ ಹೊದಿಕೆ ಕೋಶಗಳು ಆಕಾರ ಬದಲಿಸಿ ಚಲಿಸುವ ಕೋಶಗಳಂತಾಗೋದು, ನೋಡಬೇಕು. ಮಾನವ ರೀಕಾಂಬಿನೆಂಟ್ (ಲ್ಯಾಬಿನಲ್ಲಿ ತಯಾರಿಸಿದ) ಪ್ರೋಟೀನ್, 10 ಮೈಕ್ರೋಗ್ರಾಂ ವಯಲ್ ಬಂದಿದೆ. ಪಿಬಿಎಸ್‌ನಲ್ಲಿ (ತಟಸ್ಥ ಪಿಎಚ್‌ನ ಉಪ್ಪಿನ ದ್ರಾವಣ) ಕರಗಿಸು ಅಂತ ಸೀನಿಯರ್ ಹೇಳ್ತಾರೆ. ಜೊತೆಗಿನ ಹಾಳೆಯಲ್ಲಿ ಆಸಿಡ್ ಅಂತ ಇದೆ. ಕೋಶಗಳು ಸಾಯಲ್ವಾ? ಇನ್ನೊಂದು, ವಯಲ್ ಒಳಗೆ ಏನೂ ಕಾಣ್ತಿಲ್ಲ!

ಬೆಂಚ್_ಅಕ್ಕ:
ವಯಲ್ ಖಾಲಿ ಇಲ್ಲಮ್ಮ. 10 ಮೈಕ್ರೋಗ್ರಾಂ ಅಂದ್ರೆ ಕಣ್ಣಿಗೆ ಕಾಣದಷ್ಟೇ. ಮುಚ್ಚಳಕ್ಕೂ ಅಂಟಿರಬಹುದು, ಅದಕ್ಕೇ ತೆರೆಯುವ ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ಒಂದು ಸುತ್ತು ತಿರುಗಿಸಿ.

ಹಾಳೆಯ ಮಾತನ್ನೇ ಕೇಳಿ. ಇಂಥ ಬೇರೆ ಎಷ್ಟೋ ಸಂಕೇತ ಪ್ರೋಟೀನ್‌ಗಳಿಗೆ (ಸೈಟೋಕೈನ್) ಪಿಬಿಎಸ್ ಸಾಕು, ಇದಕ್ಕೆ ಸಾಲದು. ಟಿಜಿಎಫ್-ಬೀಟಾ ತಟಸ್ಥ ಪಿಎಚ್‌ನಲ್ಲಿ ಸರಿಯಾಗಿ ಕರಗುವುದಿಲ್ಲ, ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಸಾಮಾನ್ಯವಾಗಿ ಬಳಸುವುದು 4 ಮಿಲಿಮೋಲಾರ್ ಎಚ್‌ಸಿಎಲ್, ಅದರಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಬಿಎಸ್‌ಎ (ಹಸುವಿನ ಸೀರಂನ ಆಲ್ಬುಮಿನ್ ಪ್ರೋಟೀನ್). ಬಿಎಸ್‌ಎ ಇದ್ದರೆ ಟ್ಯೂಬಿನ ಗೋಡೆಗೆ ಅದು ಅಂಟುತ್ತದೆ, ನಿಮ್ಮ ದುಬಾರಿ ಪ್ರೋಟೀನ್ ಉಳಿಯುತ್ತದೆ. ಈ ದ್ರಾವಣವನ್ನು ಮೊದಲೇ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿಡಿ. ಪ್ರೋಟೀನ್ ಸೇರಿಸಿದ ಮೇಲೆ ದಯವಿಟ್ಟು ಸೋಸಬೇಡಿ, ಅರ್ಧ ಫಿಲ್ಟರಿಗೇ ಹೋಗಿಬಿಡಬಹುದು. ವೋರ್ಟೆಕ್ಸ್ (ಜೋರಾಗಿ ಕಲಕುವ ಯಂತ್ರ) ಕೂಡ ಬೇಡ, ನೊರೆ ಬಂದರೆ ಪ್ರೋಟೀನ್ ಕೆಡುತ್ತದೆ. ಮೆಲ್ಲಗೆ ಅಲುಗಾಡಿಸಿ.

ಆಸಿಡ್ ಭಯ ಬೇಡ. 500 ಮೈಕ್ರೋಲೀಟರ್‌ನಲ್ಲಿ ಕರಗಿಸಿದರೆ ಮಿಲಿಲೀಟರಿಗೆ 20 ಮೈಕ್ರೋಗ್ರಾಂ ಆಯಿತು. 10 ಮಿಲಿಲೀಟರ್ ಮೀಡಿಯಾಕ್ಕೆ (ಕೋಶ ಬೆಳೆಸುವ ದ್ರವ) 5 ನ್ಯಾನೋಗ್ರಾಂ/ಮಿಲಿ ಬೇಕಾದರೆ 2.5 ಮೈಕ್ರೋಲೀಟರ್ ಮಾತ್ರ. ಅಷ್ಟಕ್ಕೆ ಮೀಡಿಯಾದ ಪಿಎಚ್ ಅಲ್ಲಾಡುವುದೇ ಇಲ್ಲ. ಆದರೂ ಪ್ರೋಟೀನ್ ಇಲ್ಲದ ಅದೇ ಆಸಿಡ್-ಬಿಎಸ್‌ಎಯನ್ನು ಕಂಟ್ರೋಲ್ ಪ್ಲೇಟಿಗೆ ಹಾಕಲೇಬೇಕು.

ಸಣ್ಣ ಸಣ್ಣ ಅಲಿಕ್ವಾಟ್ (ಒಂದು ಸಲಕ್ಕೆ ಬೇಕಾದಷ್ಟರ ಪಾಲು) ಮಾಡಿ, ಮೈನಸ್ 80 ಡಿಗ್ರಿಯಲ್ಲಿಡಿ. ಫ್ರೀಜರ್‌ನಿಂದ ತೆಗೆದು ಒಮ್ಮೆ ಕರಗಿಸಿದ್ದನ್ನು ಮತ್ತೆ ಮತ್ತೆ ಫ್ರೀಜ್ ಮಾಡಬೇಡಿ. ತಾನಾಗಿಯೇ ಡಿಫ್ರಾಸ್ಟ್ ಆಗುವ ಮನೆ ಫ್ರಿಜ್ ಅಂತೂ ಬೇಡವೇ ಬೇಡ.

ಕೋಶ_ಪ್ರೇಮಿ:
ಸೀರಂ ಬಗ್ಗೆ ಯಾರೂ ಹೇಳಲಿಲ್ಲ. ಎಫ್‌ಬಿಎಸ್‌ನಲ್ಲೂ (ಮೀಡಿಯಾಕ್ಕೆ ಹಾಕುವ, ಹಸುವಿನ ಭ್ರೂಣದ ಸೀರಂ) ಟಿಜಿಎಫ್-ಬೀಟಾ ಇರುತ್ತದೆ. ಹಸುವಿನ ಪಕ್ವ ಟಿಜಿಎಫ್-ಬೀಟಾ 1ರ ಅಮೈನೋ ಆಮ್ಲದ ಸರಣಿ ಮಾನವನದ್ದೇ. ಹಾಗಾಗಿ ಸೀರಂ ಕಡಿಮೆ ಮಾಡಿ, ಆಮೇಲೆ ಪ್ರೋಟೀನ್ ಕೊಡಿ.

ಧಾರವಾಡದ_ಹುಡುಗಿ:
ತುಂಬಾ ಸಹಾಯ ಆಯ್ತು ಅಕ್ಕ. ಪ್ರೋಟೀನ್ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಮೂರು ದಿನ ಕಾಯಲೇಬೇಕಾ?

ಬೆಂಚ್_ಅಕ್ಕ:
ಇಲ್ಲಪ್ಪ. ಆಕಾರ ಬದಲಾಗಲು 48–72 ಗಂಟೆ ಹಿಡಿಯುತ್ತದೆ, ನಿಜ. ಆದರೆ ಪ್ರೋಟೀನ್ ಜೀವಂತವಾಗಿದ್ದರೆ ಒಂದು ಗಂಟೆಯೊಳಗೇ ಸ್ಮ್ಯಾಡ್2ಗೆ (ಟಿಜಿಎಫ್-ಬೀಟಾ ಸಂಕೇತವನ್ನು ಕೋಶದೊಳಗೆ ಒಯ್ಯುವ ಪ್ರೋಟೀನ್) ಫಾಸ್ಫೇಟ್ ಸೇರುತ್ತದೆ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರತಿಕಾಯದಿಂದ ಪ್ರೋಟೀನ್ ಗುರುತಿಸುವ ಪರೀಕ್ಷೆ) ಫಾಸ್ಫೋ-ಸ್ಮ್ಯಾಡ್2 ಜೊತೆಗೆ ಒಟ್ಟು ಸ್ಮ್ಯಾಡ್2 ಕೂಡ ನೋಡಿ. ಹೊಸ ಲಾಟ್ (ತಯಾರಿಕೆಯ ಕಂತು) ಬಂದಾಗಲೂ ಇದನ್ನೇ ಮಾಡಿ, ಲಾಟ್ ನಂಬರನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ.